ಬಿ.ಇ. ಮೆಕ್ಯಾನಿಕಲ್ ಮುಗಿಸಿದವರು ಬೆಳಗಾವಿಯಲ್ಲೇ ಕೆಲಸಕ್ಕೆ ಸೇರಬಹುದೇ, ಪುಣೆಗೇ ಹೋಗಬೇಕೇ?
ಮೊದಲ ಎರಡು ವರ್ಷಗಳಿಗೆ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಮಧ್ಯಮ ಗಾತ್ರದ ಕಾರ್ಖಾನೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಫೌಂಡ್ರಿಯಲ್ಲಿ ಎರಕ ಹೊಯ್ಯುವುದರಿಂದ ಹಿಡಿದು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದಲ್ಲಿ ಕೊನೆಯ ಅಳತೆಗೆ ತರುವವರೆಗಿನ ಇಡೀ ಕೆಲಸವನ್ನು ಆ ಒಂದೇ ಪ್ರದೇಶದಲ್ಲಿ ಕಣ್ಣಾರೆ ಕಾಣಬಹುದು, ದೊಡ್ಡ ಕಂಪನಿಯಲ್ಲಾದರೆ ಹೊಸಬರ ಪಾಲಿಗೆ ಹೆಚ್ಚಾಗಿ ಒಂದು ಮೇಜು, ಒಂದು ಎಕ್ಸೆಲ್ ಹಾಳೆ ಮಾತ್ರ ಬರುತ್ತದೆ.

ಸೇರಿದ ಹೊಸದರಲ್ಲಿ ನಾನು ಅಳತೆಯಲ್ಲಿ ±0.01 ಮಿ.ಮೀ. ವ್ಯತ್ಯಾಸಕ್ಕಷ್ಟೇ ಅವಕಾಶ ಎಂದು ಡ್ರಾಯಿಂಗ್‌ನಲ್ಲಿದ್ದ ಶಾಫ್ಟನ್ನು ವರ್ನಿಯರ್‌ನಿಂದ ಅಳೆದು ಸರಿಯಿದೆ ಎಂದು ಬರೆದಿದ್ದೆ. "ಸಾಹೇಬ್ರ, ವರ್ನಿಯರ್ ಓದೂದೇ 0.02ರ ಲೆಕ್ಕದಾಗ, ಇದಕ್ಕ ಮೈಕ್ರೋಮೀಟರ್ ಬೇಕ್ರಿ" ಎಂದು ಹಿರಿಯ ಆಪರೇಟರ್ ಮೆಲ್ಲಗೆ ಹೇಳಿದರು. ಇಂಥವರ ಬಳಿ ಸಂಕೋಚವಿಲ್ಲದೆ ಕೇಳಿ. ಸ್ವಲ್ಪ ಮರಾಠಿ ಬಂದರೆ ಇನ್ನೂ ಅನುಕೂಲ.

ನೇಮಕಾತಿ ಪತ್ರವನ್ನು ಲಿಖಿತವಾಗಿಯೇ ಪಡೆಯಿರಿ. ಭವಿಷ್ಯನಿಧಿಗೆ ವೇತನದಿಂದ ಸಾಮಾನ್ಯವಾಗಿ ಶೇ. 12 ಕಡಿತವಾಗುತ್ತದೆ, ಭವಿಷ್ಯನಿಧಿ ಸದಸ್ಯರಿಗೆ ಕೊಡುವ 12 ಅಂಕಿಗಳ ಯುಎಎನ್ ಸಂಖ್ಯೆ ಕೆಲಸ ಬದಲಿಸಿದರೂ ಅದೇ ಇರುವುದರಿಂದ, ಮುಂದೆ ಪುಣೆಗೆ ಹೋದಾಗ ಹಣವನ್ನು ಹಿಂಪಡೆಯದೆ ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ.