150 ಎಎಚ್ ಬ್ಯಾಟರಿಗೆ ಎರಡು ಸೋಲಾರ್ ಪ್ಯಾನೆಲ್ ಬೇಡ, ಒಂದೇ ಹಾಕಿಸಿ

ಮನೆಗೆ ಸೋಲಾರ್ ಹಾಕಿಸಲು ನೀವು ಕಳಿಸಿದ ಪಟ್ಟಿ ಇದು: 12 ವೋಲ್ಟಿನ ಇನ್ವರ್ಟರ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, ಅದಕ್ಕೆ 330 ವ್ಯಾಟಿನ ಎರಡು ಪ್ಯಾನೆಲ್. ಪ್ಯಾನೆಲ್ಲಿನ ಎರಡು ಬಗೆಯಲ್ಲಿ ಮೋನೋನಾ, ಪಾಲಿನಾ ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿ ನೋಡಿ ನಗು ಬಂತು, ನಾನು ಹಾಕಿಸಿದ್ದೂ ಇದನ್ನೇ. ಮೋನೋ-ಪಾಲಿ ಚಿಂತೆ ಬಿಡಿ. ಪಟ್ಟಿಯ ಕೊನೆಗೆ ಸುಮ್ಮನೆ ‘ಚಾರ್ಜ್ ಕಂಟ್ರೋಲರ್’ ಅಂತ ಬರೆದು ಬಿಟ್ಟಿದ್ದೀರಲ್ಲ, ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಪೆಟ್ಟಿಗೆ, ನಾನು ಎಡವಿದ್ದು ಅಲ್ಲಿ.

ಅದರಲ್ಲಿ ಎರಡು ಬಗೆ, ಪಿಡಬ್ಲ್ಯೂಎಂ ಮತ್ತು ಎಂಪಿಪಿಟಿ. ದುಡ್ಡು ಉಳೀತು ಅಂತ ಪಿಡಬ್ಲ್ಯೂಎಂ ಕಂಟ್ರೋಲರ್ ತಂದಿದ್ದೆ. ಎರಡೂ ಪ್ಯಾನೆಲ್ ಪ್ಯಾರಲಲ್, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನ ಕ್ಲ್ಯಾಂಪ್ ಮೀಟರ್ ಹಿಡಿದರೆ 17 ಆಂಪಿಯರ್, ಬ್ಯಾಟರಿ 13 ವೋಲ್ಟ್. ಗುಣಿಸಿದರೆ 221 ವ್ಯಾಟ್. ದುಡ್ಡು ಕೊಟ್ಟಿದ್ದು 660ಕ್ಕೆ! ಪ್ಯಾನೆಲ್ ಕೆಟ್ಟಿದೆ ಅಂತ ಅಂಗಡಿಯವರ ಹತ್ತಿರ ಜಗಳವನ್ನೂ ಆಡಿದೆ. ಕೆಟ್ಟಿರಲಿಲ್ಲ.

72 ಸೆಲ್ಲಿನ ಆ ಪ್ಯಾನೆಲ್ ಪೂರ್ತಿ ಶಕ್ತಿ ಕೊಡುವುದು ಸುಮಾರು 37 ವೋಲ್ಟ್, 8.8 ಆಂಪಿಯರಿನಲ್ಲಿ. ಪಿಡಬ್ಲ್ಯೂಎಂ ಅಂದರೆ ಬರೀ ಒಂದು ಚುರುಕಾದ ಸ್ವಿಚ್ಚು. ಪ್ಯಾನೆಲನ್ನು ನೇರ ಬ್ಯಾಟರಿಗೆ ಜೋಡಿಸುತ್ತೆ, ಬಿಡಿಸುತ್ತೆ, ಅಷ್ಟೆ. ಜೋಡಿಸಿದ ತಕ್ಷಣ 37 ವೋಲ್ಟು ಬ್ಯಾಟರಿಯ 13ಕ್ಕೆ ಇಳಿಯುತ್ತೆ. ಆಂಪಿಯರ್ ಮಾತ್ರ ಏರುವುದಿಲ್ಲ, ಅದೇ 8.8ರ ಆಸುಪಾಸು. ಒಂದು ಪ್ಯಾನೆಲ್ಲಿಗೆ 114 ವ್ಯಾಟ್, ಮಿಕ್ಕ 200 ವ್ಯಾಟ್ ನಿಮಗಿಲ್ಲ. ಎಂಪಿಪಿಟಿ ಹಾಗಲ್ಲ. ಪ್ಯಾನೆಲನ್ನು 37ರಲ್ಲೇ ನಿಲ್ಲಿಸಿಕೊಂಡು, ಬ್ಯಾಟರಿ ಕಡೆಗೆ ವೋಲ್ಟ್ ಇಳಿಸಿ ಆಂಪಿಯರ್ ಏರಿಸಿ ಕೊಡುತ್ತೆ. ಒಳ್ಳೆ ಬಿಸಿಲಲ್ಲಿ ಒಂದೇ ಪ್ಯಾನೆಲ್ಲಿಗೆ 20 ಆಂಪಿಯರ್ ಬರುತ್ತೆ, ನನ್ನ ಎರಡು ಸೇರಿ ಕೊಡುತ್ತಿದ್ದುದಕ್ಕಿಂತ ಜಾಸ್ತಿ. ಪಿಡಬ್ಲ್ಯೂಎಂ ಹೊಂದುವುದು 36 ಸೆಲ್ಲಿನ, 18 ವೋಲ್ಟಿನ ಚಿಕ್ಕ ಪ್ಯಾನೆಲ್ಲಿಗೆ.

ಹಾಗಾಗಿ ಎರಡನೇ ಪ್ಯಾನೆಲ್ಲಿನ ದುಡ್ಡಿಗೆ 30 ಆಂಪಿಯರಿನ ಎಂಪಿಪಿಟಿ ತನ್ನಿ. 150 ಎಎಚ್ ಟ್ಯೂಬುಲರಿಗೆ 15ರಿಂದ 20 ಆಂಪಿಯರ್ ಚಾರ್ಜ್ ಹಿತ. ಎಂಪಿಪಿಟಿಗೆ ಎರಡು ಪ್ಯಾನೆಲ್ ಕೊಟ್ಟರೆ ಚಾರ್ಜ್ 20 ಆಂಪಿಯರನ್ನು ಎಷ್ಟೋ ದಾಟಿ ಬ್ಯಾಟರಿ ಬಿಸಿಯಾಗುತ್ತೆ, ನೀರು ಬೇಗ ಬತ್ತುತ್ತೆ. ಎಂಪಿಪಿಟಿ ಅಂತ ಸ್ಟಿಕ್ಕರ್ ಅಂಟಿಸಿದ ಪಿಡಬ್ಲ್ಯೂಎಂ ಪೆಟ್ಟಿಗೆಗಳೂ ಮಾರಾಟಕ್ಕಿವೆ. ಬಿಸಿಲಲ್ಲಿ, ಬ್ಯಾಟರಿ ತುಂಬಿರದಾಗ, ಪ್ಯಾನೆಲ್ ಕಡೆಯ ಆಂಪಿಯರನ್ನೂ ಬ್ಯಾಟರಿ ಕಡೆಯದನ್ನೂ ಅಳೆಯಿರಿ. ಎರಡೂ ಒಂದೇ ಇದ್ದರೆ ವಾಪಸ್ ಕೊಡಿ.

ಪ್ಯಾನೆಲ್ಲಿಂದ ಕಂಟ್ರೋಲರಿಗೆ 4 ಸ್ಕ್ವೇರ್ ಎಂಎಂ ಡಿಸಿ ಕೇಬಲ್ 15 ಮೀಟರ್ ಎಳೆದರೂ ನಷ್ಟ ಸುಮಾರು 1 ವೋಲ್ಟು, 37ರಲ್ಲಿ ಲೆಕ್ಕಕ್ಕಿಲ್ಲ. ಅದೇ 1 ವೋಲ್ಟು ಬ್ಯಾಟರಿ ಕಡೆ ಹೋದರೆ ಕಂಟ್ರೋಲರಿಗೆ 14.4 ಕಾಣುತ್ತೆ, ಬ್ಯಾಟರಿಯಲ್ಲಿ 13.4 ಇರುತ್ತೆ; ತುಂಬಿತೆಂದು ಬೇಗ ಕೈ ಬಿಡುತ್ತೆ. ಅಲ್ಲಿ 10 ಸ್ಕ್ವೇರ್ ಎಂಎಂ, ಎರಡು ಮೀಟರಿನೊಳಗೆ, ಪ್ಲಸ್ಸಿನ ಬುಡದಲ್ಲೇ 40 ಆಂಪಿಯರ್ ಫ್ಯೂಸ್. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ.

ಬ್ಯಾಟರಿಯಲ್ಲಿರೋದು 1800 ವ್ಯಾಟ್‌ಅವರ್. ಅರ್ಧಕ್ಕಿಂತ ಕೆಳಗಿಳಿಸದೆ, ಇನ್ವರ್ಟರ್ ತಿನ್ನುವುದನ್ನು ಕಳೆದರೆ ಕೈಗೆ ಸಿಗೋದು 750. 28 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆ, ನಾಲ್ಕು ಎಲ್‌ಇಡಿ ಬಲ್ಬು, ವೈಫೈ, ಅಲ್ಲಿಗೆ ಮುಗೀತು. ಮಿಕ್ಸಿ ಲೆಕ್ಕಕ್ಕೆ ತರಬೇಡಿ.

‘ಬಿಲ್ ಕಮ್ಮಿ ಆಗುತ್ತಾ’ ಅಂತಲೂ ಕೇಳಿದ್ದೀರಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಉಳಿಸೋದೇನಿದೆ? ಬಿಲ್ ದೊಡ್ಡದಿದ್ದರೆ ಕೇಂದ್ರದ ಸೂರ್ಯಘರ್ ಸಬ್ಸಿಡಿಯ ಆನ್-ಗ್ರಿಡ್ (ಕರೆಂಟ್ ಲೈನಿಗೇ ಜೋಡಿಸುವ ಸೋಲಾರ್) ನೋಡಿ, 3 ಕಿಲೋವ್ಯಾಟಿಗೆ 78,000 ರೂಪಾಯಿ ಇದೆ. ಆದರೆ ಬ್ಯಾಟರಿಯಿಲ್ಲದ ಆನ್-ಗ್ರಿಡ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತೆ, ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೀಬಾರದಲ್ಲ.

ಇನ್ನೊಂದು. ನಿಮ್ಮದು ಸಾದಾ ಇನ್ವರ್ಟರ್ ಆದ್ದರಿಂದ ರಾತ್ರಿಯೇ ಮೇನ್ಸಿನಿಂದ ಬ್ಯಾಟರಿ ತುಂಬಿಸಿಡುತ್ತೆ, ಬೆಳಗಾದರೆ ಸೋಲಾರಿಗೆ ಕೆಲಸವೇ ಇರೋದಿಲ್ಲ. ಇನ್ವರ್ಟರಿನ ಮೇನ್ಸ್ ಸ್ವಿಚ್ಚನ್ನು ಬೆಳಿಗ್ಗೆ 9ಕ್ಕೆ ಆರಿಸಿ, ಸಂಜೆ 4ಕ್ಕೆ ಹಾಕಿ. ಹಗಲು ಫ್ಯಾನು, ಲೈಟು ಬ್ಯಾಟರಿಯಲ್ಲಿ ನಡೆಯುತ್ತೆ, ಅದನ್ನು ಸೋಲಾರ್ ತುಂಬುತ್ತೆ. ಮಳೆಗಾಲದಲ್ಲಿ ಮಾತ್ರ ಅದನ್ನು ಮುಟ್ಟಬೇಡಿ, ಆನ್ ಇರಲಿ.