ಘಾಟಿಯಲ್ಲಿ ಕೆಟ್ಟ ಗಾಡಿ, ಕ್ಯಾಬಿನ್ನಿನ ವಯರ್‌ಲೆಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೆಟ್ಟು ನಿಂತ ವಾಹನ ಎಳೆಯುವ ಟೋಯಿಂಗ್ ಗಾಡಿಗಳ ಬಗ್ಗೆ ಮಂಗಳೂರು, ಉಡುಪಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ವಯರ್‌ಲೆಸ್ ಸೆಟ್ಟಿನ ಕುರಿತೇ ಇದ್ದವು. ಆಯ್ದ ಕೆಲವಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ಅಮೆರಿಕದಲ್ಲಿ ಟೋಯಿಂಗ್‌ನವರು ಪೊಲೀಸ್ ವಯರ್‌ಲೆಸ್ ಕೇಳಿಸಿಕೊಂಡು ಅಪಘಾತದ ಜಾಗಕ್ಕೆ ಎಲ್ಲರಿಗಿಂತ ಮೊದಲು ಮುಟ್ಟುತ್ತಾರಂತೆ. ನನ್ನದೊಂದು ಗಾಡಿ ಉಂಟು. ಸ್ಕ್ಯಾನರ್ ತರಿಸಿದರೆ ಇಲ್ಲಿಯೂ ಆಗಬಹುದೇ? (ಸುರತ್ಕಲ್‌ನಿಂದ)

ಉತ್ತರ: ಬೇಡ. ಅದು ಅಪರಾಧ, ಅಲ್ಲಿಯೂ ಈಗ ಮೊದಲಿನ ಹಾಗೆ ನಡೆಯುವುದಿಲ್ಲ.

ಸ್ಕ್ಯಾನರ್ ಎಂದರೆ ತುಂಬಿಸಿಟ್ಟ ಫ್ರೀಕ್ವೆನ್ಸಿಗಳನ್ನು ಒಂದಾದ ಮೇಲೊಂದರಂತೆ ತಡಕುತ್ತ ಹೋಗಿ, ಮಾತು ಕೇಳಿದಲ್ಲಿ ನಿಲ್ಲುವ ರೇಡಿಯೊ. ಪೊಲೀಸರು ಹಳೇ ಅನಲಾಗ್ ಸೆಟ್ಟಿನಲ್ಲಿ ಮಾತಾಡುತ್ತಿದ್ದ ಕಾಲಕ್ಕೆ ಅಷ್ಟೇ ಸಾಕಿತ್ತು. ಇರುವ ಚಾನೆಲ್ಲುಗಳನ್ನು ಕಂಪ್ಯೂಟರ್ ಆಗಾಗ ಹಂಚಿಕೊಡುವ ಟ್ರಂಕಿಂಗ್ ಬಂದ ಮೇಲೆ ಪ್ರಶ್ನೆ ಒಂದು ಚಾನೆಲ್ಲಿನಲ್ಲಿ ಹೋದರೆ ಉತ್ತರ ಇನ್ನೊಂದರಲ್ಲಿ ಬರುತ್ತದೆ. ಯಾವುದು ಎಲ್ಲಿಗೆ ಹೋಯಿತೆಂದು ತಿಳಿಸುವ ಕಂಟ್ರೋಲ್ ಚಾನೆಲ್ಲನ್ನು ಓದಲಾರದ ಸ್ಕ್ಯಾನರಿಗೆ ದಕ್ಕುವುದು ತುಂಡುಮಾತು ಮಾತ್ರ. ಸಂಕೇತಗೊಳಿಸಿದ ಡಿಜಿಟಲ್ ಮಾತಾದರೆ ಅದೂ ಇಲ್ಲ. ಅಲ್ಲಿಯ ಕಾನೂನುಗಳೂ ಬಿಗಿಯೇ. ಫ್ಲಾರಿಡಾದಲ್ಲಿ ಪೊಲೀಸರ ಪಟ್ಟಿಯಲ್ಲಿಲ್ಲದ ಟೋಯಿಂಗ್‌ನವನು ವಯರ್‌ಲೆಸ್ ಕೇಳಿ ಅಪಘಾತದ ಜಾಗ ಹುಡುಕಿಕೊಂಡು ಹೋಗುವುದಕ್ಕೇ ನಿಷೇಧವಿದೆ. ಅಲ್ಲಿ ಬಹಳ ಊರುಗಳಲ್ಲಿ ಪೊಲೀಸರು ಸರದಿ ಪಟ್ಟಿ ಇಟ್ಟು, ಯಾರ ಪಾಳಿಯೋ ಅವರನ್ನು ಕರೆಯುತ್ತಾರೆ. ಲಾರಿ ಚಾಲಕರ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೊದ 19ನೇ ಚಾನೆಲ್, ತುರ್ತಿಗೆಂದು ಇಟ್ಟ 9ನೇ ಚಾನೆಲ್, ಇವನ್ನು ಯಾರೂ ಕೇಳಬಹುದು. ರಸ್ತೆಬದಿಯ ಬಾಡಿಗೆ ಕೆಲವರಿಗೆ ಅಲ್ಲಿಂದಲೂ ಸಿಗುತ್ತಿತ್ತು.

ನಮ್ಮಲ್ಲಿ 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಬೇರೆಯವರ ಸಂದೇಶವನ್ನು ಅಕ್ರಮವಾಗಿ ಕದ್ದು ಕೇಳಿದರೆ 3 ವರ್ಷದವರೆಗೆ ಜೈಲು, ಅಥವಾ 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಟೋಯಿಂಗ್ ಬಾಡಿಗೆಗೆ ಇಷ್ಟು ದೊಡ್ಡ ಜೂಜು ಯಾಕೆ?

ಪ್ರಶ್ನೆ: ಹಾಗಾದರೆ ಕರೆ ಬರುವುದು ಎಲ್ಲಿಂದ? ಜಾಗ ಗೊತ್ತಾಗದೆ ಸುತ್ತುವುದರಲ್ಲೇ ಡೀಸೆಲ್ ಹೋಗುತ್ತದೆ. (ಕಟಪಾಡಿಯಿಂದ)

ಉತ್ತರ: ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತವರು 1033ಕ್ಕೆ ಕರೆ ಮಾಡಿದರೆ ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿಗೆ ಹೋಗುತ್ತದೆ, ಅಲ್ಲಿಂದ ಆ ಭಾಗದ ಟೋಲ್ ನಡೆಸುವವರ ಗಸ್ತು ವಾಹನಕ್ಕೆ, ಕ್ರೇನಿಗೆ. 112 ಪೊಲೀಸ್, ಆಂಬುಲೆನ್ಸಿಗೆ. ಖಾಸಗಿ ಗಾಡಿಯವರಿಗೆ ಬರುವ ಕರೆ ಹೆಚ್ಚಾಗಿ ವಿಮೆ ಮತ್ತು ಕಾರು ಕಂಪನಿಗಳ ರಸ್ತೆಬದಿ ಸಹಾಯ ವಿಭಾಗದಿಂದ, ಗ್ಯಾರೇಜುಗಳಿಂದ, ಪಂಕ್ಚರ್ ಅಂಗಡಿ, ಪೆಟ್ರೋಲ್ ಬಂಕ್, ಹೆದ್ದಾರಿ ಬದಿಯ ಹೋಟೆಲುಗಳಿಂದ. ಈ ಕೊನೆಯವರ ಬಳಿ ನಿಮ್ಮ ನಂಬರ್ ಇದೆಯೇ ನೋಡಿಕೊಳ್ಳಿ. ಸ್ಕ್ಯಾನರಿಗಿಂತ ಅದರಿಂದ ಹೆಚ್ಚು ಕೆಲಸ ಸಿಗುತ್ತದೆ.

ಇನ್ನು ಜಾಗದ ವಿಷಯ. ತಡವಾಗುವುದು ಮುಖ್ಯವಾಗಿ ಇಲ್ಲಿಯೇ. "ಪಡುಬಿದ್ರಿ ದಾಟಿ ಸ್ವಲ್ಪ ಮುಂದೆ" ಎಂದರೆ ಏನೂ ತಿಳಿಯುವುದಿಲ್ಲ. ಎನ್‌ಎಚ್ 66ರ ನಡುವೆ ಡಿವೈಡರ್ ಇದೆ. ಬದಿ ತಪ್ಪಿದರೆ ತೆರವು ಸಿಗುವವರೆಗೆ ಹೋಗಿ ತಿರುಗಿ ಬರಬೇಕು. ಆದ್ದರಿಂದ ಮೊದಲ ಪ್ರಶ್ನೆ ಊರಿನದಲ್ಲ, ಮುಖದ್ದು: "ಗಾಡಿ ಮಂಗಳೂರಿಗೆ ಮುಖ ಮಾಡಿದೆಯೋ, ಕುಂದಾಪುರಕ್ಕೋ?" ಎರಡನೆಯದು ಕಿಲೋಮೀಟರ್ ಕಲ್ಲು. ರಾಷ್ಟ್ರೀಯ ಹೆದ್ದಾರಿಯ ಕಲ್ಲಿನ ತಲೆಗೆ ಹಳದಿ, ರಾಜ್ಯ ಹೆದ್ದಾರಿಯದಕ್ಕೆ ಹಸಿರು. ಎರಡು ಕಲ್ಲುಗಳ ನಡುವೆ 2, 4, 6, 8 ಎಂದು ಬರೆದ ಗಿಡ್ಡ ಕಲ್ಲುಗಳಿದ್ದರೆ ಅವು 200 ಮೀಟರಿಗೊಂದು. ಹತ್ತಿರದ ಕಲ್ಲಿನ ಫೋಟೊ ತೆಗೆದು ಕಳಿಸಿ ಎಂದರೆ ಕರೆ ಮಾಡಿದವರಿಗೂ ಸುಲಭ. ವಾಟ್ಸ್ಯಾಪ್ ಲೊಕೇಶನ್ ಒಳ್ಳೆಯದೇ, ಆದರೆ ಅದು ಡಿವೈಡರಿನ ಯಾವ ಬದಿ ಎಂದು ಹೇಳುವಷ್ಟು ನಿಖರವಲ್ಲ. ಸಿಗ್ನಲ್ ಕಡಿಮೆಯಿರುವಲ್ಲಿ ಹಳೇ ಜಾಗವನ್ನೇ ತೋರಿಸುವುದೂ ಉಂಟು.

ಆಮೇಲೆ ಗಾಡಿಯ ಬಗ್ಗೆ: ಮಾಡೆಲ್ ಯಾವುದು, ಚಕ್ರ ತಿರುಗುತ್ತದೆಯೇ, ಕೀ ಇದೆಯೇ, ಆಟೊಮ್ಯಾಟಿಕ್ ಗೇರೋ, ನಾಲ್ಕೂ ಚಕ್ರಕ್ಕೆ ಎಳೆತವೋ, ಬ್ಯಾಟರಿ ಕಾರೋ, ರಸ್ತೆಯ ಮೇಲಿದೆಯೋ ಚರಂಡಿಗಿಳಿದಿದೆಯೋ. ಆಟೊಮ್ಯಾಟಿಕ್ ಅಥವಾ ಬ್ಯಾಟರಿ ಕಾರನ್ನು ಎಳೆತದ ಚಕ್ರ ನೆಲಕ್ಕಿಟ್ಟು ಎಳೆದರೆ ಗೇರ್‌ಬಾಕ್ಸ್ ಅಥವಾ ಮೋಟರ್ ಹಾಳಾಗುತ್ತದೆ. ಅದಕ್ಕೆ ಇಡೀ ಕಾರನ್ನು ಹೊರುವ ಫ್ಲ್ಯಾಟ್‌ಬೆಡ್ಡೇ ಬೇಕು. ಚರಂಡಿಗೆ ಬಿದ್ದದ್ದಕ್ಕೆ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಅಥವಾ ಹೈಡ್ರಾ ಕ್ರೇನ್. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಫೋನ್ ಎತ್ತುವವರ ಎದುರಿಗೆ ಅಂಟಿಸಿಡಿ. ವಯರ್‌ಲೆಸ್ಸಿನ ಕೆಲಸ ಶುರುವಾಗುವುದು ಇದೆಲ್ಲ ಕೈಗೆ ಬಂದ ಮೇಲೆ.

ಪ್ರಶ್ನೆ: ಆಗುಂಬೆ, ಶಿರಾಡಿಯಲ್ಲಿ ಫೋನ್ ಸಿಗುವುದಿಲ್ಲ. ವಯರ್‌ಲೆಸ್ ಇದ್ದರೆ ಘಾಟಿಯಿಂದ ಹೆಬ್ರಿಯ ಆಫೀಸಿಗೆ ಮಾತಾಡಬಹುದಲ್ಲ? (ಹೆಬ್ರಿಯಿಂದ)

ಉತ್ತರ: ಅಷ್ಟು ನಂಬಿಕೊಳ್ಳಬೇಡಿ. ಇಂಥ ಸೆಟ್ಟುಗಳು ಬಳಸುವ ವಿಎಚ್‌ಎಫ್, ಯುಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರವೇ ಹೋಗುವುದು. ಲೆಕ್ಕ ಹೀಗೆ: ಎರಡೂ ಆಂಟೆನಾಗಳ ಎತ್ತರದ ವರ್ಗಮೂಲಗಳನ್ನು ಕೂಡಿ 4.12ರಿಂದ ಗುಣಿಸಿ. ಆಫೀಸಿನ ಕಂಬ 20 ಮೀಟರ್, ಗಾಡಿಯ ಆಂಟೆನಾ 2 ಮೀಟರ್ ಎತ್ತರದಲ್ಲಿದ್ದರೆ ಸುಮಾರು 24 ಕಿಲೋಮೀಟರ್. ಎರಡು ಗಾಡಿಗಳ ನಡುವೆ ಹನ್ನೊಂದೂವರೆ. ಇದು ಬಯಲಿನ ಲೆಕ್ಕ. ಮಲ್ಪೆಯ ಕಡಲ ಕಡೆ ಹತ್ತಿರಹತ್ತಿರ ಒದಗಬಹುದು. ಆಗುಂಬೆಯ ತಿರುವಿನಲ್ಲಿ ಮಧ್ಯೆ ಗುಡ್ಡವೇ ನಿಂತಿದ್ದರೆ 25 ವಾಟ್ ಒತ್ತಿದರೂ ಅಷ್ಟೆ. ವಾಟ್ ಹೆಚ್ಚಿಸಿದರೆ ಗುಡ್ಡ ಸರಿಯುವುದಿಲ್ಲ. ಎರಡೂ ಕಡೆಗೆ ಕಾಣುವ ಎತ್ತರದ ಜಾಗದಲ್ಲಿ ರಿಪೀಟರ್ (ಕೇಳಿದ ಮಾತನ್ನು ಮತ್ತೆ ಬಿತ್ತರಿಸುವ ಸೆಟ್) ಇಟ್ಟರೆ ಆಗುತ್ತದೆ, ಆದರೆ ಅದಕ್ಕೆ ಪರವಾನಗಿ, ಜಾಗ, ಕರೆಂಟು, ಸಿಡಿಲಿನ ರಕ್ಷಣೆ ಎಲ್ಲ ಬೇಕು. ಒಂದೆರಡು ಗಾಡಿಯವರಿಗೆ ಗಿಟ್ಟುವುದಿಲ್ಲ.

ಘಾಟಿಯಲ್ಲಿ ವಯರ್‌ಲೆಸ್ ನಿಜವಾಗಿ ಬೇಕಾಗುವುದು ದೂರಕ್ಕಲ್ಲ, ಹತ್ತಿರಕ್ಕೆ. ಗಾಡಿ ಎಳೆಯುವಾಗ ವಿಂಚಿನ ಹತ್ತಿರ ಒಬ್ಬ, ಕೆಳಗೆ ಕೊಕ್ಕೆ ಸಿಕ್ಕಿಸುವವನೊಬ್ಬ, ಮೇಲಿನ ಮತ್ತು ಕೆಳಗಿನ ತಿರುವಿನಲ್ಲಿ ವಾಹನ ತಡೆಯುವವರಿಬ್ಬರು. ಮಳೆಯ ಸದ್ದಿನಲ್ಲಿ ಕೂಗಿದರೆ ಕೇಳದು. "ನಿಲ್ಲಿಸು" ಎಂಬ ಒಂದು ಶಬ್ದ ಕೂಡಲೇ ಮುಟ್ಟಬೇಕು, ಫೋನ್ ರಿಂಗಾಗುವವರೆಗೆ ಕಾಯಲಾಗದು. ಇನ್ನೂರು ಮುನ್ನೂರು ಮೀಟರಿನ ಈ ಕೆಲಸಕ್ಕೆ ಅರ್ಧ ವಾಟಿನ ಸೆಟ್ ಸಾಕು.

ಸಿಮ್ ಹಾಕಿ ಒತ್ತಿ ಮಾತಾಡುವ ಸೆಟ್ಟುಗಳನ್ನೂ ವಾಕಿಟಾಕಿ ಎಂದೇ ಮಾರುತ್ತಾರೆ. ಅವು ಮೊಬೈಲ್ ಟವರಿನ ಮೇಲೆಯೇ ನಡೆಯುವಂಥವು. ಮಂಗಳೂರಿನಿಂದ ಬೈಂದೂರಿನವರೆಗೆ ಎಷ್ಟು ಗಾಡಿಗಳಿದ್ದರೂ ಒಂದೇ ಗುಂಪಿನಲ್ಲಿ ಮಾತಾಡಬಹುದು, ಪೇಟೆಯ ಕೆಲಸಕ್ಕೆ ಇದೇ ಸರಿ. ಫೋನ್ ಸಿಗದ ಕಡೆ ಇದೂ ಸಿಗದು.

ಪ್ರಶ್ನೆ: ಯಾವ ಸೆಟ್ಟಿಗೆ ಲೈಸೆನ್ಸ್ ಬೇಡ? ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 5 ವಾಟಿನದು ಆಗುತ್ತದೆಯೇ? (ಬಿ.ಸಿ. ರೋಡಿನಿಂದ)

ಉತ್ತರ: ಲೈಸೆನ್ಸ್ ಬೇಡದವು ಎರಡು. 446.0ರಿಂದ 446.2 ಮೆಗಾಹರ್ಟ್ಸ್‌ನ ಕೈ ಸೆಟ್ಟು, ಗರಿಷ್ಠ ಅರ್ಧ ವಾಟ್, 2018ರಿಂದ ವಿನಾಯಿತಿ. ಇನ್ನೊಂದು 27 ಮೆಗಾಹರ್ಟ್ಸ್‌ನ ಸಿಬಿ, 26.957ರಿಂದ 27.283ರವರೆಗೆ, 5 ವಾಟ್. ಸಿಬಿಗೆ ಸರಿಯಾದ ಕಾಲುಅಲೆಯ (ಅಲೆಯ ಉದ್ದದ ಕಾಲುಭಾಗದ) ಆಂಟೆನಾ ಸುಮಾರು 2.7 ಮೀಟರ್ ಬೇಕು. ಅಷ್ಟುದ್ದದ್ದು ಕೈ ಸೆಟ್ಟಿನಲ್ಲಿ ಇರಲಾಗದು, ಮೋಟು ಆಂಟೆನಾದಲ್ಲಿ ಕೆಲಸ ಕಳಪೆ. ಮೇಲೆ ಹೇಳಿದ ಘಾಟಿಯ ಕೆಲಸಕ್ಕೆ 446ರದೇ ಸಾಕು. ಕೊಳ್ಳುವಾಗ ದೂರಸಂಪರ್ಕ ಇಲಾಖೆಯ ಇಟಿಎ (ಉಪಕರಣ ಮಾದರಿ) ಅನುಮೋದನೆ ಸಂಖ್ಯೆ ಕೇಳಿ.

ಅಗ್ಗದ 5 ವಾಟಿನ ಸೆಟ್ಟು ಸಾಮಾನ್ಯವಾಗಿ 136ರಿಂದ 174, 400ರಿಂದ 520 ಮೆಗಾಹರ್ಟ್ಸ್ ಎಂದು ಎಲ್ಲ ಕಡೆಯೂ ಒತ್ತಿ ಮಾತಾಡಬಲ್ಲದು; ತೊಂದರೆ ಅದೇ. ನಮ್ಮ ಕರಾವಳಿಯಲ್ಲಿ ಇದು ಸಣ್ಣ ಮಾತಲ್ಲ: ಬಂದರು, ಮಲ್ಪೆಯ ಬೋಟುಗಳು ಅಪಾಯದಲ್ಲಿ ಕರೆಯುವ ಸಾಗರ ವಿಎಚ್‌ಎಫ್‌ನ 16ನೇ ಚಾನೆಲ್ 156.8 ಮೆಗಾಹರ್ಟ್ಸ್‌ನಲ್ಲಿದೆ. ತಪ್ಪಿ ಅಲ್ಲಿ ಗುಂಡಿ ಒತ್ತಿ ಹರಟಿದರೆ ಮುಳುಗುವವನ ಕೂಗು ಮುಚ್ಚಿಹೋಗುತ್ತದೆ. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಸೆಟ್ಟುಗಳ ಆನ್‌ಲೈನ್ ಮಾರಾಟಕ್ಕೆ ನಿಯಮಾವಳಿ ತಂದಿದೆ. ಹೆಚ್ಚು ವಾಟಿನ ನಿಮ್ಮದೇ ಚಾನೆಲ್ ಬೇಕಾದರೆ ಇಲಾಖೆಯ ಸರಳ ಸಂಚಾರ್ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ. ಸೆಟ್ಟಿನ ಮೇಲೆ ಬರೆದಿರುವ "ಪ್ರೈವಸಿ ಕೋಡ್" ನಿಮ್ಮ ಮಾತನ್ನು ಗುಟ್ಟಾಗಿಡುವುದಿಲ್ಲ. ಬೇರೆಯವರ ಮಾತು ನಿಮಗೆ ಕೇಳದಂತೆ ಮಾಡುತ್ತದೆ, ಅಷ್ಟೇ. ಗಿರಾಕಿಯ ಫೋನ್ ನಂಬರ್ ಅದರಲ್ಲಿ ಹೇಳಬೇಡಿ.

ಪ್ರಶ್ನೆ: ನನಗೆ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದೆ. ಗಾಡಿಯಲ್ಲಿ ಅದನ್ನೇ ಬಳಸಬಹುದೇ? (ಮಣಿಪಾಲದಿಂದ)

ಉತ್ತರ: ವ್ಯಾಪಾರಕ್ಕೆ ಇಲ್ಲ.

ಪ್ರಶ್ನೆ: ಪರವಾನಗಿ ಇರುವ 25 ವಾಟಿನ ವಿಎಚ್‌ಎಫ್ ಸೆಟ್ ಎರಡು ಗಾಡಿಗೆ ಹಾಕಿಸಿದೆವು. ಒಂದು ಮೂರೇ ದಿನಕ್ಕೆ ಸುಟ್ಟಿತು. ಇನ್ನೊಂದು ಬೇಸಗೆಯಲ್ಲಿ ಚೆನ್ನಾಗಿತ್ತು, ಮಳೆ ಹಿಡಿದ ಮೇಲೆ ಯಾರಿಗೂ ಕೇಳುವುದಿಲ್ಲ. (ಪಣಂಬೂರಿನಿಂದ)

ಉತ್ತರ: ಸುಟ್ಟ ಸೆಟ್ ಇದ್ದದ್ದು ದೊಡ್ಡ ಲಾರಿಯ ಚಾಸಿಯ ಗಾಡಿಯಲ್ಲಿರಬೇಕು. ಅವು 24 ವೋಲ್ಟಿನವು. ಎಂಜಿನ್ ಓಡುವಾಗ 28ರವರೆಗೆ ಏರುತ್ತದೆ. ಸೆಟ್ಟಿಗೆ ಬೇಕಾದದ್ದು 13.8. ಕೆಲವು ಎಲೆಕ್ಟ್ರಿಷನ್‌ಗಳು ಎರಡು ಬ್ಯಾಟರಿಯ ನಡುವಿನಿಂದ 12 ವೋಲ್ಟ್ ಎಳೆದುಕೊಡುತ್ತಾರೆ. ಆಗ ಸೆಟ್ ಉಳಿಯುತ್ತದೆ, ಬ್ಯಾಟರಿ ಹೋಗುತ್ತದೆ: ಒಂದು ಬ್ಯಾಟರಿ ಯಾವಾಗಲೂ ಅರೆಹೊಟ್ಟೆ, ಇನ್ನೊಂದಕ್ಕೆ ಅತಿಯಾಗಿ ಚಾರ್ಜ್. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. 25 ವಾಟಿನ ಸೆಟ್ ಮಾತಾಡುವಾಗ 6ರಿಂದ 8 ಆಂಪಿಯರ್ ಎಳೆಯುತ್ತದೆ, ಆದ್ದರಿಂದ ಎಡೆಬಿಡದೆ 15 ಆಂಪಿಯರ್ ಕೊಡಬಲ್ಲದ್ದೇ ಇರಲಿ.

ವಯರ್ ಬ್ಯಾಟರಿಯಿಂದಲೇ ಬರಲಿ, ಸಿಗರೇಟ್ ಲೈಟರ್ ತೂತಿನಿಂದ ಬೇಡ. ಪಾಸಿಟಿವ್ ವಯರಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್. ನಾಲ್ಕು ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ವಯರ್ ಹಾಕಿದರೆ 8 ಆಂಪಿಯರಿಗೆ ಹೋಗಿಬರುವ ದಾರಿಯಲ್ಲೇ ಮುಕ್ಕಾಲು ವೋಲ್ಟ್ ಕಳೆದುಹೋಗುತ್ತದೆ. 4 ಚದರದ್ದಾದರೆ 0.3. ಕರೆಂಟಿನ ವಿಂಚ್ ಇರುವ ಗಾಡಿಯಲ್ಲಿ ಇದು ಇನ್ನೂ ಮುಖ್ಯ. ಭಾರ ಬಿದ್ದಾಗ ವಿಂಚ್ ನೂರಾರು ಆಂಪಿಯರ್ ನುಂಗಿ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಬೇಕಾದ ಹೊತ್ತಿಗೇ ಸೆಟ್ ಆಫ್ ಆಗುತ್ತದೆ.

ಎರಡನೆಯ ಗಾಡಿಯದು ಉಪ್ಪುಗಾಳಿ ಮತ್ತು ನೀರಿನ ಕೆಲಸ. ಆಂಟೆನಾದ ಬುಡದ ಕನೆಕ್ಟರ್ ಬಿಚ್ಚಿ, ಕೇಬಲಿನ ಹೊರ ಹೆಣಿಗೆ ನೋಡಿ. ತಾಮ್ರ ಹೊಳೆಯಬೇಕು. ಕಪ್ಪಗೆ ಅಥವಾ ಹಸಿರಾಗಿದ್ದರೆ ನೀರು ಒಳಗೆ ಇಳಿದಿದೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಪ್ರಯೋಜನವಿಲ್ಲ, ಹೆಣಿಗೆಯೊಳಗೆ ನೀರು ಬಟ್ಟೆಯ ಬತ್ತಿಯಲ್ಲಿ ಹೋದ ಹಾಗೆ ಮೀಟರುಗಟ್ಟಲೆ ಹೋಗಿರುತ್ತದೆ. ಇಡೀ ಕೇಬಲ್ ಬದಲಿಸಿ. ಹೊಸದಕ್ಕೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸಿ ಕೆಳಗಿನಿಂದ ಮೇಲಕ್ಕೆ ಸುತ್ತಿ. ಹಂಚು ಹೊದಿಸುವುದು ಸೂರಿನಿಂದ ಮೇಲಕ್ಕಲ್ಲವೇ? ಹಾಗೆಯೇ, ಆಗ ಮೇಲಿನ ಪದರದ ನೀರು ಕೆಳಗಿನದರ ಮೇಲಿಂದ ಜಾರುತ್ತದೆ. ಅದರ ಮೇಲೊಂದು ಸುತ್ತು ಮಾಮೂಲಿ ಟೇಪು. ಹುಳಿ ವಾಸನೆ ಬರುವ ಸಿಲಿಕಾನ್ ಹಚ್ಚಬೇಡಿ, ಒಣಗುವಾಗ ಬಿಡುವ ಆಮ್ಲವೇ ತಾಮ್ರವನ್ನು ತಿನ್ನುತ್ತದೆ. ಕೇಬಲ್ ಕ್ಯಾಬಿನ್ನಿನೊಳಗೆ ಹೋಗುವ ಮೊದಲು ಕೆಳಕ್ಕೆ ಜೋತ ಒಂದು ಬಳುಕು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಆಮೇಲೆ, ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತದೆಂದು ತಿಳಿಸುವ ಎಸ್‌ಡಬ್ಲ್ಯುಆರ್ ಮೀಟರ್ ಹಾಕಿ ನೋಡಿ. 1.5ರ ಒಳಗಿದ್ದರೆ ಒಳ್ಳೆಯದು, 4 ಪ್ರತಿಶತ ಶಕ್ತಿ ಮಾತ್ರ ಹಿಂದಿರುಗುತ್ತದೆ. 3 ಆದರೆ ಕಾಲುಭಾಗ ಹಿಂದಕ್ಕೆ. ಹೆಚ್ಚಿನ ಸೆಟ್ಟುಗಳು ಆಗ ತಾವಾಗಿಯೇ ಶಕ್ತಿ ಇಳಿಸಿಕೊಳ್ಳುತ್ತವೆ. 150 ಮೆಗಾಹರ್ಟ್ಸ್‌ಗೆ ಕಾಲುಅಲೆಯ ಕಡ್ಡಿ ಸುಮಾರು 50 ಸೆಂಟಿಮೀಟರ್. ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಮೀಟರ್ ಚೆನ್ನಾಗಿ ತೋರಿಸಿ ಮೇಲಿನದರಲ್ಲಿ ಕೆಟ್ಟರೆ ಕಡ್ಡಿ ಉದ್ದವಾಗಿದೆ, ಒಂದು ಸಲಕ್ಕೆ 2-3 ಮಿಲಿಮೀಟರಿನಂತೆ ಕತ್ತರಿಸಿ. ತಿರುಗಮುರುಗಾದರೆ ಗಿಡ್ಡ, ಆಗ ಹೊಸ ಕಡ್ಡಿಯೇ ಬೇಕು. ಕಡ್ಡಿ ಕ್ಯಾಬಿನ್ ಮಾಡಿನ ನಡುವೆ ಇರಲಿ. ಬಂಪರಿಗೋ ಕನ್ನಡಿಯ ಕಂಬಿಗೋ ಕಟ್ಟಿದರೆ ಒಂದು ಕಡೆಗೆ ಹೋಗುತ್ತದೆ, ಇನ್ನೊಂದು ಕಡೆಗೆ ಕುರುಡು.

ಪ್ರಶ್ನೆ: ಹಳದಿ ಲೈಟ್ ಹಾಕಿದ ಕೂಡಲೇ ಸೆಟ್ಟಿನಲ್ಲಿ ಕರಕರ ಶುರು. (ಬ್ರಹ್ಮಾವರದಿಂದ)

ಉತ್ತರ: ಅಗ್ಗದ ಎಲ್‌ಇಡಿ ಲೈಟಿನೊಳಗಿನ ಡ್ರೈವರ್ ಸರ್ಕ್ಯೂಟ್ ಉಗುಳುವ ಗದ್ದಲ ಅದು. ಲೈಟಿನ ಫ್ಯೂಸ್ ತೆಗೆದು, ಸೆಟ್ಟಿನ ಸ್ಕ್ವೆಲ್ಚ್ (ಮಾತಿಲ್ಲದಾಗ ಗದ್ದಲ ತಡೆಯುವ ವ್ಯವಸ್ಥೆ) ಪೂರ್ತಿ ಬಿಚ್ಚಿ ಕೇಳಿ, ಖಚಿತವಾಗುತ್ತದೆ. ಲೈಟಿನ ಎರಡೂ ವಯರುಗಳನ್ನು ಹೆಣೆದು, ಲೈಟಿನ ಬುಡದಲ್ಲಿ ಫೆರೈಟ್ ಕ್ಲಿಪ್ ಹಾಕಿ ವಯರನ್ನು ಅದರೊಳಗೆ ಎರಡು ಮೂರು ಸುತ್ತು ಸುತ್ತಿ. ಆಂಟೆನಾವನ್ನು ಲೈಟಿನಿಂದ ಆದಷ್ಟು ದೂರ ಸರಿಸಿ. ಇಷ್ಟಾದರೂ ನಿಲ್ಲದಿದ್ದರೆ ಲೈಟೇ ಬದಲಿಸಬೇಕು. ಸ್ಕ್ವೆಲ್ಚ್ ಬಿಗಿಮಾಡಿ ಗದ್ದಲ ಮುಚ್ಚಿದರೆ ದೂರದ ಕ್ಷೀಣ ಕರೆಯೂ ಅದರ ಜೊತೆಗೇ ಮುಚ್ಚಿಹೋಗುತ್ತದೆ.

ಪ್ರಶ್ನೆ: ನಮ್ಮ ಹುಡುಗರು ಮಾತಾಡಿದರೆ ಮೊದಲ ಶಬ್ದ ಯಾವಾಗಲೂ ಕೇಳುವುದಿಲ್ಲ. ಸೆಟ್ ಹಾಳೋ? (ಮೂಡುಬಿದಿರೆಯಿಂದ)

ಉತ್ತರ: ಸೆಟ್ ಸರಿ ಇದೆ. ಗುಂಡಿ ಒತ್ತಿದ ಮೇಲೆ ಅತ್ತಕಡೆಯ ಸ್ಕ್ವೆಲ್ಚ್ ತೆರೆಯಲು, ಕೋಡ್ ಗುರುತಿಸಲು ಅರ್ಧ ಸೆಕೆಂಡಿನಷ್ಟು ಬೇಕು. ಒತ್ತಿ, ಉಸಿರು ತೆಗೆದುಕೊಂಡು, ಆಮೇಲೆ ಮಾತಾಡಲಿ. "ಎಳೆಯಬೇಡ" ಎಂದು ಹೇಳುವ ಅಭ್ಯಾಸ ಬಿಡಿಸಿ. ಗುಂಡಿ ಬೇಗ ಬಿಟ್ಟು ಮಾತಿನ ಬಾಲ ತುಂಡಾದರೆ "ಎಳೆಯ" ಎಂದಷ್ಟೇ ಮುಟ್ಟುತ್ತದೆ. "ನಿಲ್ಲು ನಿಲ್ಲು" ಎಂದು ಎರಡು ಸಲ ಹೇಳಲಿ.