ಪಿಂಗಾಣಿಯ ಬೆನ್ನಿನ ಗುರುತುಗಳು

ಪ್ರಶ್ನೆ: ಅಜ್ಜನ ಕಾಲದಿಂದ ಮನೆಯಲ್ಲಿರುವ ನೀಲಿ ಹೂಬಳ್ಳಿಯ ದೊಡ್ಡ ಪಿಂಗಾಣಿ ತಟ್ಟೆಯ ಹಿಂಬದಿಯಲ್ಲಿ ಸಿಂಹ ಮತ್ತು ಒಂಟಿಕೊಂಬಿನ ಕುದುರೆಯ ಮುದ್ರೆ, ಪಕ್ಕದಲ್ಲಿ ವಜ್ರಾಕಾರದ ಗುರುತು, ಅಂಚಿನ ಬಳಿ ಮೂರು ಒರಟು ಚುಕ್ಕೆಗಳಿವೆ. ವಜ್ರದ ಮೇಲ್ಮೂಲೆಯಲ್ಲಿ ಅಂಕಿ, ಬಲಕ್ಕೆ ‘ಯು’, ಕೆಳಗೆ ‘ಎಂ’ ಎಂದಿದೆ. ಇಂಗ್ಲೆಂಡಿನ ಅರಮನೆಯಿಂದ ನಿಜಾಮರಿಗೆ ಬಂದ ತಟ್ಟೆಯಿದು ಎಂದು ಹಿರಿಯರು ಹೇಳುತ್ತಿದ್ದರು. ನಿಜವೇ?
– ಓದುಗರೊಬ್ಬರು, ಬ್ರಹ್ಮಪುರ, ಕಲಬುರಗಿ

ಉತ್ತರ: ಆ ಮುದ್ರೆಯಿಂದ ಅರಮನೆಯ ನಂಟು ಸಿದ್ಧವಾಗುವುದಿಲ್ಲ, ಬ್ರಿಟಿಷ್ ರಾಜಲಾಂಛನವನ್ನು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತ್ಯದ ಎಷ್ಟೋ ಪಿಂಗಾಣಿ ಕಾರ್ಖಾನೆಗಳು ಮಾಲಿನ ಮೆರುಗಿಗಾಗಿ ಅಚ್ಚೊತ್ತುತ್ತಿದ್ದವು. ನಿಜವಾದ ಸುಳಿವು ಇರುವುದು ವಜ್ರದಲ್ಲಿ. ವಿನ್ಯಾಸವನ್ನು ಲಂಡನ್ನಿನಲ್ಲಿ ನೋಂದಾಯಿಸಿದ್ದಕ್ಕೆ 1842ರಿಂದ 1883ರವರೆಗೆ ಈ ಗುರುತನ್ನು ಹಾಕುತ್ತಿದ್ದರು. ನೆತ್ತಿಯ ಪುಟ್ಟ ವೃತ್ತದಲ್ಲಿ ರೋಮನ್ ನಾಲ್ಕು ಇದ್ದರೆ ಅದು ಮಣ್ಣಿನ ಸಾಮಾನಿನ ವರ್ಗ. 1867ರವರೆಗೆ ವರ್ಷದ ಅಕ್ಷರ ಮೇಲ್ಮೂಲೆಯಲ್ಲಿತ್ತು, ಆಮೇಲೆ ಬಲಮೂಲೆಗೆ ಬಂತು. ಹೀಗಾಗಿ ಮೇಲಿದ್ದರೆ 1848 ಎನಿಸಿಕೊಳ್ಳುವ ‘ಯು’, ನಿಮ್ಮ ತಟ್ಟೆಯಲ್ಲಿ 1874 ಆಗುತ್ತದೆ. ‘ಎಂ’ ಎಂದರೆ ಜೂನ್, ಮೇಲಿನ ಅಂಕಿ ತಾರೀಖು. ಆದರೆ ಮೆರುಗಿನ (ತಟ್ಟೆಯ ಮೇಲಿನ ಗಾಜಿನಂಥ ಲೇಪದ) ಅಡಿ ಬಣ್ಣ ಹರಡಿದ್ದರೆ ‘ಯು’ ಮತ್ತು ‘ವಿ’ ಒಂದೇ ಆಗಿ ಕಾಣುವುದರಿಂದ, ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಿರಿ; ‘ವಿ’ ಆದರೆ 1876. ಇದು ವಿನ್ಯಾಸ ನೋಂದಣಿಯಾದ ದಿನವೇ ಹೊರತು ತಟ್ಟೆ ಸುಟ್ಟ ದಿನವಲ್ಲ, ಏಕೆಂದರೆ ಬೇಡಿಕೆಯಿದ್ದ ನಮೂನೆಯನ್ನು ವರ್ಷಗಟ್ಟಲೆ ತಯಾರಿಸುತ್ತಿದ್ದರು. ‘ಇಂಗ್ಲೆಂಡ್’ ಎಂಬ ಪದವೂ ಇಲ್ಲದಿದ್ದರೆ ತಟ್ಟೆ ಬಹುಶಃ 1891ಕ್ಕಿಂತ ಹಿಂದಿನದು. ಅಮೆರಿಕದ ಸುಂಕದ ಕಾಯ್ದೆಯಿಂದಾಗಿ ಆ ವರ್ಷದಿಂದ ದೇಶದ ಹೆಸರು ಹಾಕುವ ರೂಢಿ ಹಬ್ಬಿತು.

ತಯಾರಕರ ಹೆಸರು ಬೇಕಿದ್ದರೆ ಎಡಮೂಲೆಯ ಸಂಖ್ಯೆಯನ್ನೂ ಬರೆದುಕೊಳ್ಳಿರಿ. ತಾರೀಖು ಮತ್ತು ಆ ಸಂಖ್ಯೆ ಸೇರಿದರೆ, ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದ ನೋಂದಣಿ ಪುಸ್ತಕದಲ್ಲಿ ವಿನ್ಯಾಸ ಯಾರದೆಂದು ಸಿಗುತ್ತದೆ. ಕೆಲವೊಮ್ಮೆ ಅದು ಕಾರ್ಖಾನೆಯದಾಗಿರದೆ ವ್ಯಾಪಾರಿಯ ಹೆಸರಾಗಿರುವುದೂ ಉಂಟು. ಇನ್ನು ಆ ಮೂರು ಚುಕ್ಕೆಗಳು ಯಾರ ಗುರುತೂ ಅಲ್ಲ. ಭಟ್ಟಿಯಲ್ಲಿ ಮೆರುಗು ಕರಗಿ ತಟ್ಟೆಗಳು ಒಂದಕ್ಕೊಂದು ಅಂಟದಂತೆ ಇಡುತ್ತಿದ್ದ ಮೊನೆಯುಳ್ಳ ಆಧಾರಗಳ ಕಲೆಗಳವು.

ಪ್ರಶ್ನೆ: ಸೇತುವೆ, ಮೂವರು ಜನ, ಎರಡು ಹಕ್ಕಿಗಳಿರುವ ನಮ್ಮ ನೀಲಿ ಬಸಿ ಚೀನಾದ್ದೇ?
– ಓದುಗರೊಬ್ಬರು, ಬೀದರ್

ಉತ್ತರ: ಇದು ಚೀನೀ ಶೈಲಿಯನ್ನು ಅನುಕರಿಸಿ 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ರೂಪುಗೊಂಡ ‘ವಿಲೋ’ ನಮೂನೆ. ತಾಮ್ರದ ಫಲಕದ ಚಿತ್ರವನ್ನು ತೆಳುಕಾಗದಕ್ಕೆ ಇಳಿಸಿ ಪಾತ್ರೆಗೆ ಒತ್ತುತ್ತಿದ್ದುದರಿಂದ, ಅಂಚಿನ ಚಿತ್ತಾರವನ್ನು ಸುತ್ತಲೂ ನೋಡಿದರೆ ಕಾಗದದ ತುದಿಗಳು ಕೂಡಿದ ಕಡೆ ಗೆರೆ ತಪ್ಪಿರುವುದು ಕಂಡೀತು. ಆದರೆ ಈ ನಮೂನೆಯನ್ನು ಅಸಂಖ್ಯ ಕಾರ್ಖಾನೆಗಳು ಬಳಸಿರುವುದರಿಂದ, ಹಿಂಬದಿಯ ಮುದ್ರೆಯಿಲ್ಲದೆ ಬರೀ ಚಿತ್ರದಿಂದ ತಯಾರಕರನ್ನು ಹೇಳಲಾಗದು.